ಬಾನೆಟ್ ತೆಗೆದು ನೋಡೋಣ: ಈ ಸಲ ಪೂರ್ತಿ ಬೆಲ್ಟಿನ ಪತ್ರಗಳು

ಮಳೆ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಒಂದೇ ದೂರು ಜಾಸ್ತಿ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಕೀಂಯ್ ಅನ್ನುವ ಸದ್ದು. ಹಾಗಾಗಿ ಟಯರ್, ಮೈಲೇಜ್ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಬೆಲ್ಟಿನ ಪತ್ರಗಳನ್ನಷ್ಟೇ ಆರಿಸಿದ್ದೇನೆ.

ಪ್ರಶ್ನೆ: ಸರ್, ನನ್ನದು 2014ರ ಸ್ವಿಫ್ಟ್ ಡೀಸೆಲ್, 92,000 ಕಿ.ಮೀ. ಓಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ, ಆಮೇಲೆ ಎಸಿ ಹಾಕಿದಾಗ ಕೀಂಯ್ ಅನ್ನುತ್ತದೆ. ಫ್ಯಾನ್ ಬೆಲ್ಟ್ ಹೋಗಿದೆ ಅಂತ ಗ್ಯಾರೇಜಿನಲ್ಲಿ ಹೇಳಿದರು. ಏರ್ ಫಿಲ್ಟರ್, ಬ್ರೇಕ್ ಪ್ಯಾಡ್ ಎಲ್ಲ ನಾನೇ ಹಾಕಿಕೊಳ್ಳುತ್ತೇನೆ. ಇದನ್ನೂ ಮನೆಯಲ್ಲೇ ಮಾಡಬಹುದಾ?
— ತೀರ್ಥಹಳ್ಳಿಯ ಓದುಗರು

ಉತ್ತರ: ಮಾಡಬಹುದು. ಬ್ರೇಕ್ ಪ್ಯಾಡ್ ಬಿಚ್ಚಿ ಹಾಕಿದ ಕೈಗೆ ಇದು ಕಷ್ಟವೇ ಅಲ್ಲ. ಜಾಗ ಇಕ್ಕಟ್ಟು, ಅಷ್ಟೇ. ಆದರೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬೆಲ್ಟ್ ಬದಲಾಯಿಸುವುದು ಅರ್ಧ ಕೆಲಸ, ಆ ಬೆಲ್ಟ್ ಯಾವ ಯಾವ ಪುಲ್ಲಿಯ ಮೇಲೆ ಓಡುತ್ತದೋ ಅದನ್ನೆಲ್ಲ ಕೈಯಿಂದ ತಿರುಗಿಸಿ ನೋಡುವುದು ಉಳಿದರ್ಧ. ಎರಡನೆಯದನ್ನು ಬಿಟ್ಟರೆ ಹೊಸ ಬೆಲ್ಟ್ ಹಾಕಿಯೂ ಪ್ರಯೋಜನವಿಲ್ಲ.

ಫ್ಯಾನ್ ಬೆಲ್ಟ್ ಅನ್ನುವುದು ಅಂಬಾಸಿಡರ್, ಪದ್ಮಿನಿ ಕಾಲದ ಹೆಸರು. ಆಗ ಆ ಬೆಲ್ಟ್ ನಿಜವಾಗಿಯೂ ರೇಡಿಯೇಟರ್ ಹಿಂದಿನ ಫ್ಯಾನನ್ನು ತಿರುಗಿಸುತ್ತಿತ್ತು. ನಿಮ್ಮ ಸ್ವಿಫ್ಟಿನಲ್ಲಿ ಫ್ಯಾನಿಗೆ ಬೇರೆ ಕರೆಂಟ್ ಮೋಟರ್ ಇದೆ. ಈ ಬೆಲ್ಟ್ ಓಡಿಸುವುದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎಸಿ ಕಂಪ್ರೆಸರ್ ಮತ್ತು ಇಂಜಿನ್ ತಣ್ಣಗಿಡುವ ಕೂಲೆಂಟನ್ನು ಸುತ್ತಿಸುವ ವಾಟರ್ ಪಂಪನ್ನು. ಸ್ಟೇರಿಂಗ್ ನಿಮ್ಮದು ಎಲೆಕ್ಟ್ರಿಕ್, ಅದಕ್ಕೂ ಬೆಲ್ಟಿಗೂ ನೇರ ಸಂಬಂಧವಿಲ್ಲ. ಹಾವಿನ ಹಾಗೆ ಒಂದು ಪುಲ್ಲಿಯ ಮೇಲಿಂದ ಹತ್ತಿ ಇನ್ನೊಂದರ ಕೆಳಗಿಂದ ನುಸುಳಿ ಹೋಗುವುದರಿಂದ ಇದಕ್ಕೆ ಸರ್ಪೆಂಟೈನ್ ಬೆಲ್ಟ್ ಅಂತ ಹೆಸರು. ಅಂಗಡಿಯಲ್ಲಿ ಮಾತ್ರ ಫ್ಯಾನ್ ಬೆಲ್ಟ್ ಅಂತಲೇ ಕೇಳಿ, ಇಲ್ಲದಿದ್ದರೆ ಅರ್ಥವಾಗದೇ ಹೋಗಬಹುದು.

ಬೆಲ್ಟ್ ತರುವ ಮುಂಚೆ ಹಳೆಯದರ ಬೆನ್ನ ಮೇಲಿನ ನಂಬರ್ ಓದಿ. 6ಪಿಕೆ1200 ಅಂತ ಇದ್ದರೆ 6 ಗೀರುಗಳ ಬೆಲ್ಟ್, ಪಿಕೆ ಅನ್ನುವುದು ಗೀರಿನ ಅಳತೆ, 1200 ಅನ್ನುವುದು ಮಿ.ಮೀ. ಲೆಕ್ಕದಲ್ಲಿ ಉದ್ದ. ಇದು ಉದಾಹರಣೆ ಮಾತ್ರ, ನಿಮ್ಮ ನಂಬರ್ ನಿಮ್ಮ ಬೆಲ್ಟಿನ ಮೇಲೇ ಇರುತ್ತದೆ. ನಂಬರ್ ಅಳಿಸಿ ಹೋಗಿದ್ದರೆ ಆರ್‌ಸಿ ತೆಗೆದುಕೊಂಡು ಹೋಗಿ, ಚಾಸಿ ನಂಬರ್ ನೋಡಿ ಕೊಡುತ್ತಾರೆ. ಕಂಪನಿಯ ಪಾರ್ಟ್ ಆದರೂ ಸರಿ, ಗೇಟ್ಸ್, ಕಾಂಟಿಟೆಕ್, ಬ್ಯಾಂಡೋ ಥರದ ಹೆಸರಿರುವ ಬೆಲ್ಟ್ ಆದರೂ ಸರಿ. ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರಸ್ತೆಯಲ್ಲಿ ಸಾಲಾಗಿ ಸ್ಪೇರ್ಸ್ ಅಂಗಡಿಗಳಿವೆ, ಬಿಲ್ ಕೊಡುವ ಅಂಗಡಿಯಲ್ಲೇ ತೆಗೆದುಕೊಳ್ಳಿ.

ಈಗ ಕೆಲಸಕ್ಕೆ ಬರೋಣ. ಇಂಜಿನ್ ಪೂರ್ತಿ ತಣ್ಣಗಾಗಿರಲಿ, ಅಂದರೆ ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮಾಡುವುದು ಒಳ್ಳೆಯದು. ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಇದು ಸುಮ್ನೆ ಹೇಳುತ್ತಿಲ್ಲ. ಆಲ್ಟರ್ನೇಟರ್ ಹಿಂದೆ ಬ್ಯಾಟರಿಯಿಂದ ನೇರ ಬರುವ ದಪ್ಪ ವೈರ್ ಇದೆ. ಅದಕ್ಕೆ ಸ್ಪ್ಯಾನರ್ ತಗುಲಿ ಇನ್ನೊಂದು ತುದಿ ಇಂಜಿನ್‌ಗೆ ಮುಟ್ಟಿದರೆ ಕಿಡಿ ಹಾರುತ್ತದೆ, ಸ್ಪ್ಯಾನರ್ ಸುಡುತ್ತದೆ. ಜೊತೆಗೆ ಕೆಲವು ಗಾಡಿಗಳಲ್ಲಿ ಇಂಜಿನ್ ಆಫ್ ಆದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುತ್ತದೆ.

ನಿಮ್ಮ ಗಾಡಿಯಲ್ಲಿ ಬೆಲ್ಟ್ ಇರುವುದು ಬಲಗಡೆ, ಡ್ರೈವರ್ ಕಡೆ. ಮೇಲಿಂದ ಕೈ ಹೋಗುವುದು ಕಷ್ಟ. ಮುಂದಿನ ಬಲ ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಮಡ್ ಕವರ್ ತೆಗೆದರೆ ಬೆಲ್ಟ್ ಕಣ್ಣೆದುರಿಗೇ ಕಾಣುತ್ತದೆ. ಚಕ್ರದ ನಟ್‌ಗಳನ್ನು ಗಾಡಿ ಎತ್ತುವ ಮುಂಚೆಯೇ ಸಡಿಲ ಮಾಡಿಕೊಳ್ಳಿ. ಎತ್ತಿದ ಮೇಲೆ ಜಾಕ್ ಒಂದನ್ನೇ ನಂಬಬೇಡಿ. ಆಕ್ಸಲ್ ಸ್ಟ್ಯಾಂಡ್ (ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಕಬ್ಬಿಣದ ಕಾಲು) ಇಡಲೇಬೇಕು. ಇಟ್ಟಿಗೆ, ಸೈಜುಗಲ್ಲು ಒಟ್ಟಿ ನಿಲ್ಲಿಸುವುದನ್ನು ನೋಡಿದ್ದೇನೆ, ನೋಡಿ ಬೈದೂ ಇದ್ದೇನೆ. ಭಾರ ಬಿದ್ದಾಗ ಇಟ್ಟಿಗೆ ಒಂದೇ ಸಲ ಪುಡಿಯಾಗುತ್ತದೆ, ಸೂಚನೆ ಕೊಡುವುದಿಲ್ಲ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸ ಮನೆಯಲ್ಲಿ ಬೇಡ.

ಬೆಲ್ಟ್ ಮುಟ್ಟುವ ಮುಂಚೆ ಮೊಬೈಲಿನಲ್ಲಿ ನಾಲ್ಕೈದು ಫೋಟೋ ತೆಗೆಯಿರಿ. ಅಷ್ಟು ಸಾಲದು, ಒಂದು ಹಾಳೆಯ ಮೇಲೆ ಪುಲ್ಲಿಗಳನ್ನು ಸುತ್ತು ಹಾಕಿ ಬೆಲ್ಟಿನ ದಾರಿಯನ್ನು ಪೆನ್ನಿನಲ್ಲಿ ಎಳೆಯಿರಿ. ಕತ್ತಲೆ ಮೂಲೆಯಲ್ಲಿ ತೆಗೆದ ಫೋಟೋದಲ್ಲಿ ಬೆಲ್ಟ್ ಪುಲ್ಲಿಯ ಮೇಲೆ ಹೋಗಿದೆಯೋ ಕೆಳಗೆ ಹೋಗಿದೆಯೋ ಗೊತ್ತಾಗುವುದಿಲ್ಲ, ಕೈಯಲ್ಲಿ ಬರೆದಾಗ ಅದನ್ನು ನೋಡಿಯೇ ಬರೆಯಬೇಕಾಗುತ್ತದೆ ಅಲ್ವಾ. ಕೆಲವು ಗಾಡಿಗಳಲ್ಲಿ ಬಾನೆಟ್ ಕೆಳಗೆ ಈ ಚಿತ್ರದ ಸ್ಟಿಕ್ಕರ್ ಅಂಟಿಸಿರುತ್ತಾರೆ.

ಬೆಲ್ಟನ್ನು ಬಿಗಿಯಾಗಿ ಹಿಡಿದಿರುವುದು ಟೆನ್ಷನರ್. ಒಳಗೆ ಗಟ್ಟಿ ಸ್ಪ್ರಿಂಗ್ ಇರುವ ಒಂದು ತೋಳು, ಅದರ ತುದಿಗೆ ಒಂದು ನುಣುಪು ಪುಲ್ಲಿ. ಅದಕ್ಕೆ ಕೂರುವ ಉದ್ದ ಹಿಡಿಯ ರಿಂಗ್ ಸ್ಪ್ಯಾನರ್ ಹಾಕಿ, ಬೆಲ್ಟ್ ಸಡಿಲವಾಗುವ ದಿಕ್ಕಿಗೆ ನಿಧಾನ ತಿರುಗಿಸಿ. ಓಪನ್ ಸ್ಪ್ಯಾನರ್ ಬೇಡ, ಜಾರುತ್ತದೆ. ಯಾವ ದಿಕ್ಕು ಅನ್ನುವುದು ಸ್ವಲ್ಪ ಬಲ ಹಾಕಿದ ಕೂಡಲೇ ತಿಳಿಯುತ್ತದೆ. ಒಂದು ಕಡೆಗೆ ತೋಳು ಸ್ಪ್ರಿಂಗಿನ ಹಾಗೆ ಬಗ್ಗುತ್ತದೆ, ಇನ್ನೊಂದು ಕಡೆಗೆ ಬೋಲ್ಟ್ ಬಿಚ್ಚಿಕೊಳ್ಳಲು ನೋಡುತ್ತದೆ ಇಲ್ಲವೇ ಅಲ್ಲಾಡುವುದೇ ಇಲ್ಲ. ಬಗ್ಗಿಸಿ ಹಿಡಿದು, ಸುಲಭಕ್ಕೆ ಕೈಗೆಟುಕುವ ಪುಲ್ಲಿಯಿಂದ ಬೆಲ್ಟ್ ಜಾರಿಸಿ. ಆಮೇಲೆ ತೋಳನ್ನು ನಿಧಾನ ವಾಪಸ್ ಬಿಡಿ. ಫಟ್ ಅಂತ ಬಿಟ್ಟರೆ ಟೆನ್ಷನರ್ ಹಾಳು, ನಡುವೆ ಬೆರಳಿದ್ದರೆ ಬೆರಳೂ ಹಾಳು.

ಈಗ ನಾನು ಮೊದಲೇ ಹೇಳಿದ ಆ ಉಳಿದರ್ಧ. ಬೆಲ್ಟ್ ಇಲ್ಲದ ಹೊತ್ತಿನಲ್ಲಿ ಒಂದೊಂದೇ ಪುಲ್ಲಿಯನ್ನು ಬೆರಳಿನಿಂದ ತಿರುಗಿಸಿ. ಅಕ್ಕಪಕ್ಕದಲ್ಲಿ ರೇಡಿಯೋ, ಮಾತು ಏನೂ ಬೇಡ. ಒಳ್ಳೆಯ ಬೇರಿಂಗ್ ಒಂದೆರಡು ಸುತ್ತು ಮೆತ್ತಗೆ ತಿರುಗಿ ನಿಲ್ಲುತ್ತದೆ, ಒಳಗೆ ಗ್ರೀಸ್ ಇದೆ ಅನ್ನುವುದು ಬೆರಳಿಗೇ ತಿಳಿಯುತ್ತದೆ. ಗ್ರೀಸ್ ಒಣಗಿದ ಬೇರಿಂಗ್ ಬುಗುರಿಯ ಹಾಗೆ ಗಿರಗಿರ ಸುತ್ತುತ್ತದೆ, ತುಂಬಾ ಜನ ಅದನ್ನೇ ಚೆನ್ನಾಗಿದೆ ಅಂದುಕೊಳ್ಳುತ್ತಾರೆ. ಹಾಳಾದದ್ದು ತಿರುಗುವಾಗ ಮರಳು ಅರೆದ ಹಾಗೆ ಕರಕರ ಅನ್ನುತ್ತದೆ, ಆ ಕರಕರ ಕಿವಿಗಿಂತ ಮುಂಚೆ ಬೆರಳ ತುದಿಗೆ ಬರುತ್ತದೆ. ಆಮೇಲೆ ಪುಲ್ಲಿಯನ್ನು ಎರಡೂ ಅಂಚಿನಲ್ಲಿ ಹಿಡಿದು ಅಲ್ಲಾಡಿಸಿ, ಆಟ, ಅಂದರೆ ಸಡಿಲ ಅಲುಗಾಟ, ಇರಬಾರದು. ವಾಟರ್ ಪಂಪಿನ ಪುಲ್ಲಿಯ ಹಿಂದೆ ಕೂಲೆಂಟ್ ಒಣಗಿದ ಬಿಳಿ ಅಥವಾ ಬಣ್ಣದ ಕಲೆ ಇದೆಯಾ ನೋಡಿ. ಇದ್ದರೆ ಪಂಪು ಸೋರಲು ಶುರುವಾಗಿದೆ ಅಂತ. ನಿಮ್ಮದು 92,000 ಕಿ.ಮೀ. ಆಗಿದೆ, ಟೆನ್ಷನರ್ ಪುಲ್ಲಿ ಸ್ವಲ್ಪ ಅನುಮಾನ ಬಂದರೂ ಜೊತೆಗೇ ಬದಲಾಯಿಸಿ. ಮತ್ತೆ ಚಕ್ರ ಬಿಚ್ಚುವ ಕೆಲಸ ತಪ್ಪುತ್ತದೆ.

ಪುಲ್ಲಿಗಳನ್ನು ಒಣ ಬಟ್ಟೆಯಲ್ಲಿ ಒರೆಸಿ. ಮಲೆನಾಡಿನ ಕೆಂಪು ಮಣ್ಣು ಗೀರಿನೊಳಗೆ ಗಟ್ಟಿಯಾಗಿ ಕೂತಿರುತ್ತದೆ, ಹಳೆಯ ಟೂತ್ ಬ್ರಶ್ಶಿನಿಂದ ಕೆದಕಿ ತೆಗೆಯಿರಿ. ಹೊಸ ಬೆಲ್ಟನ್ನು ಹಳೆಯದರ ಪಕ್ಕ ಹಿಡಿದು ನೋಡಿ: ಗೀರುಗಳ ಎಣಿಕೆ ಒಂದೇ ಇರಬೇಕು, ಉದ್ದದಲ್ಲಿ ಹಳೆಯದು ಕೂದಲೆಳೆಯಷ್ಟು ಜಾಸ್ತಿ ಇದ್ದರೆ ಪರವಾಗಿಲ್ಲ. ಹಾಕುವಾಗ ಕೆಳಗಿನ ಕ್ರ್ಯಾಂಕ್ ಪುಲ್ಲಿಯಿಂದ (ಇಂಜಿನ್ ನೇರ ತಿರುಗಿಸುವುದು ಇದನ್ನೇ) ಶುರು ಮಾಡಿ, ನಿಮ್ಮ ಚಿತ್ರ ನೋಡಿಕೊಂಡು ಬನ್ನಿ. ಗೀರಿರುವ ಮೈ ಗೀರಿರುವ ಪುಲ್ಲಿಗೆ, ನುಣುಪು ಬೆನ್ನು ನುಣುಪು ಪುಲ್ಲಿಗೆ. ಕೊನೆಗೆ ಟೆನ್ಷನರ್ ಬಗ್ಗಿಸಿ ಉಳಿದ ಒಂದು ಪುಲ್ಲಿಯ ಮೇಲೆ ಜಾರಿಸಿ. ಈ ಕೊನೆಯ ಪುಲ್ಲಿಗೆ ಮೂರನೆಯ ಕೈ ಬೇಕು ಅನ್ನಿಸುತ್ತದೆ, ಮನೆಯಲ್ಲಿ ಯಾರನ್ನಾದರೂ ಕರೆದು ಸ್ಪ್ಯಾನರ್ ಹಿಡಿಸಿಕೊಳ್ಳಿ.

ಹಾಕಿ ಆಯಿತು ಅಂತ ಚಕ್ರ ಕೂರಿಸಬೇಡಿ. ಟಾರ್ಚ್ ಹಿಡಿದು ಪ್ರತಿ ಪುಲ್ಲಿಯನ್ನೂ ನೋಡಿ. ಒಂದೇ ಒಂದು ಗೀರು ಹೊರಗೆ ಜೋತು ಬಿದ್ದಿದ್ದರೂ ಬೆಲ್ಟ್ ಸ್ವಲ್ಪ ಹೊತ್ತಿನಲ್ಲೇ ಅಂಚಿನಿಂದ ಹರಿಯಲು ಶುರುವಾಗುತ್ತದೆ. ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಇಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ಎರಡು ಸುತ್ತು ತಿರುಗಿಸಿ ಮತ್ತೆ ನೋಡಿ. ಆಮೇಲೆ ಸ್ಪ್ಯಾನರ್, ಬಟ್ಟೆ ಎಲ್ಲ ಹೊರಗೆ ಬಂತಾ ಎಣಿಸಿ, ಚಕ್ರ ಹಾಕಿ ಗಾಡಿ ಕೆಳಗಿಳಿಸಿ, ಬ್ಯಾಟರಿ ಜೋಡಿಸಿ, ಹತ್ತು ಸೆಕೆಂಡ್ ಸ್ಟಾರ್ಟ್ ಮಾಡಿ ನಿಲ್ಲಿಸಿ ಇನ್ನೊಮ್ಮೆ ನೋಡಿ. ಇಂಜಿನ್ ಓಡುತ್ತಿರುವಾಗ ಹತ್ತಿರ ಬಗ್ಗುವವರು ಶಾಲು, ದುಪಟ್ಟಾ, ಸಡಿಲ ತೋಳು, ಕೈಬಳೆ ಇಲ್ಲದೆ ಇರಬೇಕು. ಈ ವಿಷಯದಲ್ಲಿ ನಾನು ಮನೆಯವರ ಮೇಲೆ ರೇಗುತ್ತೇನೆ, ನೀವೂ ರೇಗಿ.

ಹಳೆಯ ಬೆಲ್ಟ್ ಹರಿದಿಲ್ಲದಿದ್ದರೆ ಎಸೆಯಬೇಡಿ. ನಿಮ್ಮ ಚಿತ್ರದ ಹಾಳೆಯ ಜೊತೆ ಡಿಕ್ಕಿಯಲ್ಲಿ, ಸ್ಟೆಪ್ನಿ ಪಕ್ಕ ಇಡಿ.

ಪ್ರಶ್ನೆ: ಕಳೆದ ವಾರ ಶ್ರೀರಂಗಪಟ್ಟಣದ ಹತ್ತಿರ ನಮ್ಮ ಹಳೆಯ ಎಸ್‌ಯುವಿಯಲ್ಲಿ ಬ್ಯಾಟರಿ ದೀಪ ಹತ್ತಿತು, ಸ್ಟೇರಿಂಗ್ ಒಮ್ಮೆಗೇ ಬಿಗಿಯಾಯಿತು. ಮೈಸೂರು ಹತ್ತಿರವೇ ಅಲ್ವಾ ಅಂತ ಓಡಿಸಿಕೊಂಡು ಬಂದುಬಿಡೋಣ ಅಂದರು ನಮ್ಮವರು. ನಾನು ಬೇಡ ಅಂದು ನಿಲ್ಲಿಸಿದೆ. ಬೆಲ್ಟ್ ಹರಿದಿತ್ತು. ನಾನು ಮಾಡಿದ್ದು ಸರಿಯಾ?
— ಮೈಸೂರಿನ ಓದುಗರು

ಉತ್ತರ: ತುಂಬಾ ಸರಿ ಮೇಡಂ. ಆ ಎರಡು ಲಕ್ಷಣ ಒಟ್ಟಿಗೆ ಬಂದರೆ ಬೆಲ್ಟ್ ಹೋಗಿದೆ ಅಂತಲೇ ತಿಳಿಯಬೇಕು. ನಿಮ್ಮ ಗಾಡಿಯದು ಆಯಿಲ್ ಪಂಪಿನ ಪವರ್ ಸ್ಟೇರಿಂಗ್, ಅದನ್ನು ಓಡಿಸುವುದೂ ಈ ಬೆಲ್ಟೇ. ಆಲ್ಟರ್ನೇಟರ್ ಒಂದೇ ನಿಂತಿದ್ದರೆ ಬ್ಯಾಟರಿ ಇರುವಷ್ಟು ಹೊತ್ತು ಹೋಗಬಹುದಿತ್ತು. ಆದರೆ ವಾಟರ್ ಪಂಪೂ ಅದೇ ಬೆಲ್ಟಿನಲ್ಲಿದ್ದರೆ ಇಂಜಿನ್ ಸುತ್ತ ಕೂಲೆಂಟ್ ಓಡುವುದೇ ನಿಲ್ಲುತ್ತದೆ, ಕೆಲವೇ ನಿಮಿಷಗಳಲ್ಲಿ ಕಾಯುತ್ತದೆ. ಇಂಜಿನ್‌ನ ಮೇಲ್ಭಾಗ, ಅಂದರೆ ಹೆಡ್ ಬಾಗಿದರೆ, ಅದರ ಕೆಳಗಿನ ಹೆಡ್ ಗ್ಯಾಸ್ಕೆಟ್ ಸುಟ್ಟರೆ ಬರುವ ಖರ್ಚಿನ ಮುಂದೆ ಟೋಯಿಂಗ್ ದುಡ್ಡು ಏನೂ ಅಲ್ಲ.

ನನಗೆ ಇದು ಶಿರಾಡಿ ಘಾಟಿಯಲ್ಲಿ ಆಗಿದೆ. ಸಕಲೇಶಪುರ ದಾಟಿ ಗುಂಡ್ಯದ ಕಡೆ ಇಳಿಯುತ್ತಿದ್ದೆ, ಜಿಟಿಜಿಟಿ ಮಳೆ. ಮೊದಲು ಬಾನೆಟ್ ಒಳಗೆ ಚಾಟಿ ಬೀಸಿದ ಹಾಗೆ ಎರಡು ಸಲ ಚಟ್ ಚಟ್ ಅಂತು. ಕೆಂಪು ಬ್ಯಾಟರಿ ದೀಪ. ನಿಲ್ಲಿಸಲು ಅಗಲ ಜಾಗ ಸಿಗುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಅರ್ಧ ದಾಟಿತ್ತು. ಬಾನೆಟ್ ಎತ್ತಿದರೆ ಸುಟ್ಟ ರಬ್ಬರಿನ ವಾಸನೆ. ಬೆಲ್ಟಿನ ಒಳಗಿನ ನೂಲು ಕಪ್ಪು ಜಡೆಯ ಹಾಗೆ ಕ್ರ್ಯಾಂಕ್ ಪುಲ್ಲಿಗೆ ಸುತ್ತಿಕೊಂಡಿತ್ತು. ಬೆಲ್ಟ್ ಹೊಸದು, ಎರಡು ತಿಂಗಳ ಹಿಂದೆ ನಾನೇ ಹಾಕಿದ್ದೆ. ಹೋಗಿದ್ದು ಐಡ್ಲರ್, ಅಂದರೆ ಬೆಲ್ಟಿಗೆ ದಾರಿ ತೋರಿಸಲಷ್ಟೇ ಇರುವ ಪುಲ್ಲಿಯ ಬೇರಿಂಗ್. ಅದು ತಿರುಗುವುದು ನಿಂತು, ಬೆಲ್ಟ್ ಅದರ ಮೇಲೆ ಉಜ್ಜಿ ಉಜ್ಜಿ ಹರಿದಿತ್ತು. ಬೆಲ್ಟ್ ಹಾಕುವ ದಿನ ಆ ಪುಲ್ಲಿಯನ್ನು ನಾನು ತಿರುಗಿಸಿ ನೋಡಿರಲಿಲ್ಲ. ತೀರ್ಥಹಳ್ಳಿಯವರಿಗೆ ಅಷ್ಟು ಉದ್ದ ಬರೆದದ್ದು ಇದಕ್ಕೇ.

ನಿಲ್ಲಿಸಿದ ಮೇಲೆ ಇನ್ನೊಂದು ಎಚ್ಚರ: ಇಂಜಿನ್ ಕಾದಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ, ಒಳಗಿನ ನೀರು ಕಾರಂಜಿಯ ಹಾಗೆ ಮುಖಕ್ಕೆ ಹಾರುತ್ತದೆ.

ಪ್ರಶ್ನೆ: ಹೊಸ ಬೆಲ್ಟ್ ಹಾಕಿಸಿ ಹದಿನೈದು ದಿನ. ಸದ್ದು ಮತ್ತೆ ಬಂದಿದೆ. ಬೆಲ್ಟಿಗೆ ಸೋಪು ಉಜ್ಜಿ ಅಂತ ಒಬ್ಬರು, ಸ್ಪ್ರೇ ಹೊಡೆಯಿರಿ ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?
— ಮಂಡ್ಯದ ಓದುಗರು

ಉತ್ತರ: ಇಬ್ಬರದೂ ಬೇಡ. ಸೋಪು, ಸ್ಪ್ರೇ, ಗ್ರೀಸ್, ಪೌಡರ್ ಯಾವುದೂ ಬೇಡ. ಸದ್ದು ಒಂದೆರಡು ದಿನ ನಿಲ್ಲುತ್ತದೆ, ಅಂಟಿಗೆ ಧೂಳು ಹಿಡಿದು ಆಮೇಲೆ ಇನ್ನೂ ಜೋರಾಗುತ್ತದೆ.

ಬದಲಿಗೆ ಬರೀ ನೀರಿನಲ್ಲಿ ಒಂದು ಪರೀಕ್ಷೆ ಮಾಡಿ. ಬಟ್ಟೆ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ಸಾಕು. ಇಂಜಿನ್ ಓಡುತ್ತಿರುವಾಗ, ಕೈ ದೂರ ಇಟ್ಟು, ಬೆಲ್ಟಿನ ಗೀರಿರುವ ಕಡೆಗೆ ಸ್ವಲ್ಪ ಚಿಮುಕಿಸಿ. ಸದ್ದು ತಟ್ಟನೆ ನಿಂತು ನೀರು ಒಣಗಿದ ಮೇಲೆ ಮತ್ತೆ ಬಂದರೆ, ಪುಲ್ಲಿಗಳು ಒಂದೇ ನೇರಕ್ಕಿಲ್ಲ ಅಂತ. ಯಾವುದೋ ಒಂದು ಓರೆಯಾಗಿದೆ ಅಥವಾ ಬೇರಿಂಗ್ ಸವೆದು ವಾಲಿದೆ. ನೀರು ಬಿದ್ದ ಕೂಡಲೇ ಸದ್ದು ಜಾಸ್ತಿಯಾದರೆ ಬೆಲ್ಟ್ ಜಾರುತ್ತಿದೆ, ಅಂದರೆ ಬಿಗಿ ಸಾಲದು, ಟೆನ್ಷನರ್ ಸ್ಪ್ರಿಂಗ್ ಸೋತಿದೆ. ಎರಡರಲ್ಲೂ ತಪ್ಪು ನಿಮ್ಮ ಹೊಸ ಬೆಲ್ಟಿನದಲ್ಲ. ಮೇಲಿಂದ ಇಂಜಿನ್ ಆಯಿಲೋ ಕೂಲೆಂಟೋ ತೊಟ್ಟಿಕ್ಕುತ್ತಿದೆಯಾ ಅನ್ನುವುದನ್ನೂ ನೋಡಿ. ಈಗಿನ ಬೆಲ್ಟಿನ ರಬ್ಬರಿಗೆ ಆಯಿಲ್ ಆಗುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ. ಹಾಗಾದ ಬೆಲ್ಟನ್ನು ತೊಳೆದು ಬಳಸಲು ಬರುವುದಿಲ್ಲ. ಸೋರಿಕೆ ನಿಲ್ಲಿಸಿ ಬೇರೆ ಬೆಲ್ಟ್ ಹಾಕಬೇಕು.

ಪ್ರಶ್ನೆ: ಬೆಲ್ಟಿನಲ್ಲಿ ಒಂದೂ ಬಿರುಕಿಲ್ಲ, 1,10,000 ಕಿ.ಮೀ. ಆಗಿದೆ. ಬದಲಾಯಿಸಬೇಕಾ?
— ಕಲಬುರಗಿಯ ಓದುಗರು

ಉತ್ತರ: ಬಿರುಕು ನೋಡಿ ಹೇಳುವುದು ಹಳೆಯ ನಿಯೋಪ್ರೀನ್ ಬೆಲ್ಟುಗಳ ಕಾಲಕ್ಕೆ ಸರಿಯಾಗಿತ್ತು. ಈಗ ಬರುವುದು ಹೆಚ್ಚಾಗಿ ಇಪಿಡಿಎಂ ಅನ್ನುವ ರಬ್ಬರು. ಅದು ಬಿರುಕು ಬಿಡುವುದು ಕಡಿಮೆ, ಟಯರಿನ ಹಾಗೆ ಸುಮ್ಮನೆ ಸವೆಯುತ್ತದೆ. ಗೀರಿನ ನಡುವಿನ ಕಣಿವೆ ಅಗಲವಾಗಿ, ಬೆಲ್ಟ್ ಪುಲ್ಲಿಯೊಳಗೆ ಇಳಿದು ಕೂತು ಹಿಡಿತ ತಪ್ಪುತ್ತದೆ. ಹೊಸ ಬೆಲ್ಟಿನ ಪಕ್ಕ ಇಟ್ಟು ಉಗುರು ಆಡಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಗಾಡಿಯ ಪುಸ್ತಕದಲ್ಲಿ ಎಷ್ಟು ಕಿ.ಮೀ.ಗೆ ಅಂತ ಬರೆದಿದೆಯೋ ಅದೇ ಲೆಕ್ಕ. ಪುಸ್ತಕ ಇಲ್ಲದಿದ್ದರೆ 60,000ದಿಂದ ಪ್ರತಿ ಸರ್ವೀಸಿಗೂ ನೋಡಿ, 1,00,000ದ ಹೊತ್ತಿಗೆ ಹಾಕಿಸಿ ಅನ್ನುವುದು ನನ್ನ ಅಭ್ಯಾಸ. ನಿಮ್ಮದು ದಾಟಿದೆ, ಹಾಕಿಸಿಬಿಡಿ. ನಿಮ್ಮೂರಿನ ಬಿಸಿಲಿಗೆ ರಬ್ಬರು ಬೇಗ ಗಡಸಾಗುತ್ತದೆ.

ಪ್ರಶ್ನೆ: ಇಲ್ಲಿ ಶಾಪಿನಲ್ಲಿ ಕೂಲಿಯೇ ಬೆಲ್ಟಿಗಿಂತ ಜಾಸ್ತಿ ಹೇಳಿದರು. ನನ್ನದು 2012ರ ಕ್ಯಾಮ್ರಿ, ನಾಲ್ಕು ಸಿಲಿಂಡರಿನದು. ಊರಿನಲ್ಲಿದ್ದಾಗ ಸ್ಕೂಟರ್ ಬಿಚ್ಚಿ ಜೋಡಿಸಿದ ಅನುಭವ ಇದೆ. ಉಪಕರಣ ಏನೂ ಇಲ್ಲ.
— ನ್ಯೂಜೆರ್ಸಿಯ ಓದುಗರು

ಉತ್ತರ: ಸ್ಕೂಟರ್ ಬಿಚ್ಚಿದ ಕೈ ಸಾಕು. ನಿಮ್ಮದರಲ್ಲೂ ಬೆಲ್ಟ್ ಬಲಗಡೆ, ಅಂದರೆ ಅಲ್ಲಿ ಪ್ಯಾಸೆಂಜರ್ ಕಡೆ. ಟೆನ್ಷನರ್ ತಾನಾಗಿ ಬಿಗಿ ಹಿಡಿಯುವ ಥರದ್ದು, ಸ್ಟೇರಿಂಗ್ ಎಲೆಕ್ಟ್ರಿಕ್. ವಾಟರ್ ಪಂಪ್ ಈ ಬೆಲ್ಟಿನಲ್ಲೇ ಇದೆ, ಹಾಗಾಗಿ ಪಂಪಿನ ಸುತ್ತ ಕಲೆ ಇದೆಯಾ ಚೆನ್ನಾಗಿ ನೋಡಿ.

ಉಪಕರಣ ಕೊಳ್ಳಬೇಡಿ. ಆಟೋಝೋನ್ ಥರದ ಅಂಗಡಿಗಳಲ್ಲಿ ಸರ್ಪೆಂಟೈನ್ ಬೆಲ್ಟ್ ಟೂಲ್ ಅಂತ ಕೇಳಿದರೆ ಡೆಪಾಸಿಟ್ ಇಟ್ಟುಕೊಂಡು ಕೊಡುತ್ತಾರೆ, ವಾಪಸ್ ಕೊಟ್ಟರೆ ಹಣ ವಾಪಸ್. ಚಪ್ಪಟೆಯಾದ ಉದ್ದ ಪಟ್ಟಿ, ಇಕ್ಕಟ್ಟಿನಲ್ಲಿ ನುಗ್ಗುತ್ತದೆ, ತೋಳು ಬಗ್ಗಿಸಲು ಬಲವೂ ಸಿಗುತ್ತದೆ. ಅಪಾರ್ಟ್‌ಮೆಂಟಿನಲ್ಲಿದ್ದರೆ ಲೀಸ್ ಒಮ್ಮೆ ಓದಿಕೊಳ್ಳಿ, ಪಾರ್ಕಿಂಗ್ ಜಾಗದಲ್ಲಿ ಗಾಡಿ ರಿಪೇರಿ ಮಾಡಬಾರದು ಅಂತ ಬರೆದಿರುವುದುಂಟು. ಅಂದ ಹಾಗೆ ಈ ಒಂದೇ ಬೆಲ್ಟಿನ ಪದ್ಧತಿ ಕಾರಿಗೆ ಬಂದದ್ದು ನೀವಿರುವ ದೇಶದಲ್ಲೇ, 1979ರ ಫೋರ್ಡ್ ಮಸ್ಟಾಂಗ್‌ನಲ್ಲಿ. ಅಲ್ಲಿಯವರೆಗೆ ಬೇರೆ ಬೇರೆ ವಿ ಬೆಲ್ಟುಗಳನ್ನು ಹಾಕುತ್ತಿದ್ದರು.

ಪ್ರಶ್ನೆ: ನಮ್ಮ ಹಳೆಯ ಸಣ್ಣ ಕಾರಿನಲ್ಲಿ ನೀವು ಹೇಳುವ ಟೆನ್ಷನರ್ ಎಲ್ಲೂ ಕಾಣುತ್ತಿಲ್ಲ.
— ಸಾಗರದ ಓದುಗರು

ಉತ್ತರ: ಇರಲಿಕ್ಕಿಲ್ಲ. ಹಳೆಯ ಸಣ್ಣ ಕಾರುಗಳಲ್ಲಿ ಆಲ್ಟರ್ನೇಟರನ್ನೇ ಹಿಂದೆ ಮುಂದೆ ಸರಿಸಿ ಬೆಲ್ಟ್ ಬಿಗಿ ಮಾಡುವುದು. ಕೆಳಗಿನ ಬೋಲ್ಟ್ ಸಡಿಲಿಸಿ, ಮೇಲೆ ಸೀಳಿರುವ ಪಟ್ಟಿಯ ಬೋಲ್ಟ್ ಸಡಿಲಿಸಿ, ಆಲ್ಟರ್ನೇಟರನ್ನು ಇಂಜಿನ್ ಕಡೆ ತಳ್ಳಿದರೆ ಬೆಲ್ಟ್ ಬರುತ್ತದೆ. ಹೊಸದು ಹಾಕಿ ಹೊರಗೆ ಎಳೆದು ಬಿಗಿ ಮಾಡಿ. ಎಳೆಯಲು ರಾಡ್ ಹಾಕುವುದಾದರೆ ಆಲ್ಟರ್ನೇಟರಿನ ಗಟ್ಟಿ ಜಾಗಕ್ಕೆ ಹಾಕಿ, ಅಂಚು ಒಡೆಯಬಾರದು. ಬಿಗಿ ಎಷ್ಟಿರಬೇಕು ಅನ್ನುವುದು ಗಾಡಿಯ ಪುಸ್ತಕದಲ್ಲಿದೆ. ವೀಣೆಯ ತಂತಿಯ ಹಾಗೆ ಬಿಗಿದರೆ ಆಲ್ಟರ್ನೇಟರ್ ಮತ್ತು ಪಂಪಿನ ಬೇರಿಂಗ್ ಬೇಗ ಹೋಗುತ್ತವೆ. ಹೊಸ ಬೆಲ್ಟ್ ಕೆಲವು ದಿನ ಓಡಿದ ಮೇಲೆ ಸ್ವಲ್ಪ ಸಡಿಲವಾಗುತ್ತದೆ, ಒಮ್ಮೆ ನೋಡಿ ಮತ್ತೆ ಬಿಗಿ ಮಾಡಿ.

ಇನ್ನೂ ಒಂದು ಥರ ಇದೆ. ಟೆನ್ಷನರೂ ಇಲ್ಲ, ಸರಿಸುವ ಬೋಲ್ಟೂ ಇಲ್ಲ. ಅದು ಎಲಾಸ್ಟಿಕ್ ಬೆಲ್ಟ್, ತಾನೇ ಸ್ವಲ್ಪ ಹಿಗ್ಗಿ ಬಿಗಿ ಹಿಡಿಯುತ್ತದೆ. ಹಳೆಯದನ್ನು ಕತ್ತರಿಸಿ ತೆಗೆದು, ಹೊಸದನ್ನು ಅದಕ್ಕೇ ಅಂತ ಇರುವ ಟೂಲಿನಿಂದ ಏರಿಸಬೇಕು. ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಿದರೆ ಒಳಗಿನ ನೂಲು ತುಂಡಾಗುತ್ತದೆ. ಅದನ್ನು ಗ್ಯಾರೇಜಿಗೆ ಬಿಡಿ.

ಪ್ರಶ್ನೆ: ಟೈಮಿಂಗ್ ಬೆಲ್ಟ್ ಅಂದರೂ ಇದೇನಾ? ಅದನ್ನೂ ಮನೆಯಲ್ಲಿ ಹಾಕಬಹುದಾ?
— ಹುಬ್ಬಳ್ಳಿಯ ಓದುಗರು

ಉತ್ತರ: ಅದು ಬೇರೆ. ಅದಕ್ಕೆ ಹಲ್ಲುಗಳಿರುತ್ತವೆ, ಕವರಿನ ಒಳಗೆ ಮುಚ್ಚಿರುತ್ತದೆ, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕಿಗೂ ವಾಲ್ವು ತೆರೆಯುವ ಕ್ಯಾಮಿಗೂ ತಾಳ ಹೊಂದಿಸುತ್ತದೆ. ಒಂದು ಹಲ್ಲು ತಪ್ಪಿದರೂ ಎಷ್ಟೋ ಇಂಜಿನ್‌ಗಳಲ್ಲಿ ವಾಲ್ವು ಪಿಸ್ಟನ್‌ಗೆ ಹೊಡೆಯುವ ಅಪಾಯವಿದೆ. ಹಳೆಯ ಇನ್ನೋವಾ 2.5 ಡೀಸೆಲಿನಲ್ಲಿ ಟೈಮಿಂಗ್ ಬೆಲ್ಟ್ ಇದೆ, ಮೇಲಿನ ತೀರ್ಥಹಳ್ಳಿಯವರ ಸ್ವಿಫ್ಟಿನಲ್ಲಿ ಅದರ ಬದಲು ಚೈನ್ ಇದೆ. ನಿಮ್ಮ ಗಾಡಿಯಲ್ಲಿ ಯಾವುದಿದೆ ಅಂತ ಬರೆದಿಲ್ಲ. ಯಾವುದೇ ಇರಲಿ, ಮೊದಲ ಸಲಕ್ಕೆ ಮನೆಯಲ್ಲಿ ಬೇಡ. ಮಾಡುವ ಮೆಕ್ಯಾನಿಕ್ ಪಕ್ಕ ನಿಂತು ಒಂದು ಸಲ ಪೂರ್ತಿ ನೋಡಿ, ಆಮೇಲೆ ನನಗೆ ಬರೆಯಿರಿ.